ಪಬ್ ಕೆಡವಿದರೂ ಲೈಸೆನ್ಸ್ ಉಳಿಯುತ್ತೆ: ವಿಕ್ಟೋರಿಯಾ ಹೋಟೆಲ್ ನೆನಪಲ್ಲಿ ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರಿನ ಹಳೇ ತಲೆಗಳ ಜೊತೆ ಅರ್ಧ ಗಂಟೆ ಕೂತರೆ ಸಾಕು, ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಹೆಸರು ಬಂದೇ ಬರುತ್ತೆ. ಬ್ರಿಟಿಷರ ಕಾಲದ ಬಂಗಲೆ, ಮುಂದೆ ದೊಡ್ಡ ಮರಗಳು, ಮರದ ನೆರಳಲ್ಲಿ ಟೇಬಲ್ಲು, ಟೇಬಲ್ ಮೇಲೆ ಬಿಯರು. ಹೆಸರಿಗೆ ಹೋಟೆಲ್, ಆದರೆ ನೆನಪಿಸಿಕೊಳ್ಳುವ ಬಹಳ ಜನಕ್ಕೆ ಅದು ಊರಿನ ಮಧ್ಯೆ ತೋಟ ಇದ್ದ ಒಂದು ಬಾರ್. ಈ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಕೆಡವಿದರು. 2004ರಲ್ಲಿ ಅದೇ ಜಾಗದಲ್ಲಿ ಬೆಂಗಳೂರು ಸೆಂಟ್ರಲ್ ಮಾಲ್ ಶುರುವಾಯಿತು.

ನಾನು ಎಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬರುವ ಹೊತ್ತಿಗೆ ಅಲ್ಲಿದ್ದದ್ದು ಮಾಲ್. ನಮ್ಮ ಬ್ಯಾಚಿನವರಿಗೆ ಅದು ದುಡ್ಡಿಲ್ಲದೆ ಎಸಿ ಗಾಳಿ ಸಿಗುವ ಜಾಗ. ಹಾಗಾಗಿ ನನ್ನ ಹತ್ತಿರ ವಿಕ್ಟೋರಿಯಾದ ಖಾಸಗಿ ನೆನಪು ಒಂದೂ ಇಲ್ಲ. ಈ ಬರಹ "ಆಹಾ, ಆ ಕಾಲ" ಅನ್ನೋ ಧಾಟಿಯದ್ದೂ ಅಲ್ಲ. ನನಗಿರುವ ಪ್ರಶ್ನೆ ಸರಳ: ಇಷ್ಟು ಜನ ಇಪ್ಪತ್ತು ವರ್ಷದ ನಂತರವೂ ನೆನಪಿಟ್ಟುಕೊಂಡಿರುವ ಒಂದು ಜಾಗವನ್ನು ಕೆಡವುವಾಗ, ಅದನ್ನು ತಡೆಯೋಕೆ, ಹೋಗಲಿ, ಒಂದು ನಿಮಿಷ ನಿಲ್ಲಿಸಿ ಯೋಚಿಸೋಕೆ ನಮ್ಮ ಕಾನೂನಿನಲ್ಲಿ ಏನಿತ್ತು? ಇವತ್ತು ಏನಿದೆ?

ಈಗಲೇ ಈ ಪ್ರಶ್ನೆ ಯಾಕೆ ಅಂದರೆ ಎರಡು ಕಾರಣ ಇವೆ. ಒಂದು, ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ, ಹಂಚಿಕೆಯಾಗದೆ ಉಳಿದ ಮದ್ಯದ ಲೈಸೆನ್ಸ್‌ಗಳನ್ನು ಎಲೆಕ್ಟ್ರಾನಿಕ್ ಹರಾಜಿನಲ್ಲಿ ಮಾರುವುದಾಗಿ ಘೋಷಿಸಿತು. ಎರಡು, 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರು ಒಂದು ಮಹಾನಗರ ಪಾಲಿಕೆಯಾಗಿ ಉಳಿದಿಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಊರಿನ ಹೃದಯಭಾಗಕ್ಕೆ ಅಂತಲೇ ಒಂದು ಕೇಂದ್ರ ಪಾಲಿಕೆ ಬಂದಿದೆ. ಯಾವುದನ್ನು ಮಾರಬೇಕು, ಯಾವುದನ್ನು ಉಳಿಸಬೇಕು ಅನ್ನೋ ತೀರ್ಮಾನಗಳು ಮುಂದಿನ ಕೆಲವು ವರ್ಷಗಳಲ್ಲಿ ಆಗುತ್ತವೆ.

ದಂಡಿನ ಬೀದಿಗಳು

ವಿಕ್ಟೋರಿಯಾ ಇದ್ದ ಬೀದಿಯ ಸುತ್ತಮುತ್ತ ಒಂದು ಸುತ್ತು ಹಾಕೋಣ. 1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ಸೈನ್ಯದ ನೆಲೆ ಹಾಕಿದ ಮೇಲೆ ಬೆಂಗಳೂರು ಎರಡು ಊರಾಯಿತು. ಒಂದು ಪೇಟೆ, ಇನ್ನೊಂದು ದಂಡು. ದಂಡಿನ ಪೆರೇಡ್ ಮೈದಾನದ ದಕ್ಷಿಣಕ್ಕಿದ್ದ ಬೀದಿ ಸೌತ್ ಪೆರೇಡ್. 1948ರಲ್ಲಿ ಅದಕ್ಕೆ ಮಹಾತ್ಮ ಗಾಂಧಿ ರಸ್ತೆ ಅಂತ ಹೆಸರಿಟ್ಟರು. 1949ರಲ್ಲಿ ಎರಡೂ ಊರು ಸೇರಿ ಒಂದೇ ಕಾರ್ಪೊರೇಶನ್ ಆಯಿತು. ಎಂ.ಜಿ. ರಸ್ತೆಗೆ ಸಮಾನಾಂತರವಾಗಿ ಚರ್ಚ್ ಸ್ಟ್ರೀಟ್, ಇನ್ನೂ ದಕ್ಷಿಣಕ್ಕೆ ರೆಸಿಡೆನ್ಸಿ ರಸ್ತೆ, ಇವುಗಳನ್ನು ಅಡ್ಡ ಕತ್ತರಿಸುವ ಬ್ರಿಗೇಡ್ ರಸ್ತೆ, ನಡುವೆ ರೆಸ್ಟ್ ಹೌಸ್ ರಸ್ತೆಯಂಥ ಸಣ್ಣ ಬೀದಿಗಳು. ಕಾಲ್ನಡಿಗೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಜಾಗ ಇದು.

ಈ ಅರ್ಧ ಗಂಟೆಯ ಜಾಗದಲ್ಲಿ ಏನೆಲ್ಲ ಇತ್ತು ನೋಡಿ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಕಾರ್ಮಿಕರದ್ದೇ ಸಹಕಾರ ಸಂಘ ನಡೆಸುತ್ತಿದ್ದ ಕಾಫಿ ಹೋಟೆಲ್. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಿದಾಗ, ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ನೌಕರರೇ ಸಂಘ ಕಟ್ಟಿಕೊಂಡರು. ದೇಶದಲ್ಲಿ ಅಂಥ ಮೊದಲ ಸಂಘ ಶುರುವಾದದ್ದು 1957ರ ಆಗಸ್ಟ್ 19ರಂದು, ಇದೇ ಬೆಂಗಳೂರಿನಲ್ಲಿ. ಚರ್ಚ್ ಸ್ಟ್ರೀಟಿನ ಮೂಲೆಯಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್ ಶಾಪ್ ಇತ್ತು. ಪುಸ್ತಕದ ಗೋಡೆಗಳ ನಡುವೆ ಒಬ್ಬರು ನಡೆದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಿತ್ತು. ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ ಥಿಯೇಟರ್‌ಗಳಿದ್ದವು. 1980ರ ದಶಕದ ಕೊನೆಯಿಂದ ಪಬ್‌ಗಳು ಬಂದವು. ನಗರಕ್ಕೆ "ಪಬ್ ರಾಜಧಾನಿ" ಅನ್ನೋ ಹೆಸರು ಅಂಟಿದ್ದು ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುವ ಮುಂಚೆಯೇ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ 1989ರದ್ದು, ಇನ್ನೂ ಇದೆ. ಅಂಥ ಪಬ್‌ಗಳಲ್ಲಿ ಮಗ್ ಲೆಕ್ಕದಲ್ಲಿ ಬಿಯರ್ ಸಿಗುತ್ತಿತ್ತು. ಎಚ್‌ಎಎಲ್, ಬಿಇಎಲ್, ಐಟಿಐ ನೌಕರರು, ಕಾಲೇಜು ಹುಡುಗರು, ಪತ್ರಕರ್ತರು, ವಕೀಲರು ಒಂದೇ ಬೆಂಚಿನಲ್ಲಿ ಕೂರಬಹುದಾದ ದರ ಅದು.

ಈಗ ಇನ್ನೊಂದು ಸುತ್ತು. ಪ್ಲಾಜಾ ಹೋಯಿತು, ಗ್ಯಾಲಕ್ಸಿ ಹೋಯಿತು. 2009ರ ಏಪ್ರಿಲ್‌ನಲ್ಲಿ ಕಾಫಿ ಹೌಸ್, ಕಟ್ಟಡದ ಮಾಲೀಕರ ಜೊತೆಗಿನ ಕಾನೂನು ಹೋರಾಟದ ನಂತರ, ಎಂ.ಜಿ. ರಸ್ತೆಯ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಪ್ರೀಮಿಯರ್ ಮುಚ್ಚಿತು. ಮೆಟ್ರೊಗಾಗಿ ಎಂ.ಜಿ. ರಸ್ತೆಯ ಬುಲೆವಾರ್ಡಿನ ಮರಗಳು ಬಿದ್ದವು. ಹಸಿರು ಉಸಿರು ಬಳಗದವರು ಬೀದಿಗಿಳಿದರು, ಮರ ಉಳಿಯಲಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿತು. 2018ರ ಡಿಸೆಂಬರ್ ಕೊನೆಗೆ ರೆಕ್ಸ್ ಕೊನೆಯ ಶೋ ಮುಗಿಸಿತು.

ಮೆಟ್ರೊ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ವಾರಕ್ಕೆ ನಾಲ್ಕು ದಿನ ಅದರಲ್ಲೇ ಓಡಾಡುವವನು ನಾನು. ರೆಸಿಡೆನ್ಸಿ ರಸ್ತೆಗೆ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಒಳ್ಳೇ ಫುಟ್‌ಪಾತ್ ಬಂತು. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದರು. ನಡೆಯೋಕೆ ಜಾಗ ಚೆನ್ನಾಗಾಯಿತು, ಒಪ್ಪಿಕೊಳ್ಳೋಣ. ಆದರೆ ಕಡಿಮೆ ದುಡ್ಡಿಗೆ ತುಂಬಾ ಹೊತ್ತು ಕೂರುವ ಜಾಗ ಕಡಿಮೆಯಾಯಿತು. 2010ರ ನಂತರ ಬಂದ ಮೈಕ್ರೋಬ್ರೂವರಿಗಳಲ್ಲಿ, ಇಂದಿರಾನಗರ, ಕೋರಮಂಗಲದ ಹೊಸ ಪಬ್‌ಗಳಲ್ಲಿ, ಮೂರು ಜನ ಹೋಗಿ ಬಂದರೆ ಎಷ್ಟು ಬಿಲ್ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇದು ಯಾರ ನೆನಪು?

ಇಲ್ಲಿಗೆ ಬರುವಾಗ ಕೆಲವು ಓದುಗರು ಹುಬ್ಬು ಏರಿಸಿರುತ್ತಾರೆ. ಗೊತ್ತು. "ದಂಡಿನ ಇಂಗ್ಲಿಷ್ ಮಂದಿಯ ಹಳಹಳಿಕೆ ನಮಗ್ಯಾಕೆ? ಕನ್ನಡದಲ್ಲಿ ಆರ್ಡರ್ ಮಾಡಿದರೆ ಮುಖ ತಿರುಗಿಸುತ್ತಿದ್ದ ಜಾಗಗಳು ಹೋದರೆ ಹೋಗಲಿ." ಈ ಆಕ್ಷೇಪಕ್ಕೆ ಬಲ ಇದೆ. ಹಳೇ ಬೆಂಗಳೂರಿನ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಕಾಫಿ ಟೇಬಲ್ ಪುಸ್ತಕಗಳಲ್ಲಿ ಬಂಗಲೆ ಇರುತ್ತೆ, ಬಟ್ಲರ್ ಇರುತ್ತಾನೆ, ಆ ಬಟ್ಲರ್ ರಾತ್ರಿ ಎಲ್ಲಿಗೆ ಹೋಗಿ ಮಲಗುತ್ತಿದ್ದ ಅನ್ನೋದು ಇರಲ್ಲ. ಬಾರಿನ ಟೇಬಲ್ ಒರೆಸುತ್ತಿದ್ದ ಹುಡುಗ ಶಿವಾಜಿನಗರದವನೋ, ಹಲಸೂರಿನವನೋ, ಮಂಡ್ಯ ಕಡೆಯಿಂದ ಬಂದವನೋ ಅವರಿಗೆ ಗೊತ್ತಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ಈ ಬೀದಿಗಳ ಲೆಕ್ಕ ಇನ್ನೂ ಬೇರೆ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಮಹಿಳೆಯರಿಗೆ ಆದ ಕಿರುಕುಳ ದೇಶದ ಸುದ್ದಿಯಾಯಿತು. ಆಗ ರಾಜಕಾರಣಿಗಳು ಬಟ್ಟೆಯ ಬಗ್ಗೆ ಮಾತಾಡಿದ್ದೂ ನೆನಪಿದೆ. ಅದಕ್ಕೂ ಮುಂಚೆ, 2009ರ ಜನವರಿ 24ರಂದು, ಮಂಗಳೂರಿನ ಪಬ್ ಒಂದಕ್ಕೆ ಶ್ರೀರಾಮ ಸೇನೆಯವರು ನುಗ್ಗಿ ಯುವತಿಯರನ್ನು ಕ್ಯಾಮೆರಾ ಮುಂದೆಯೇ ಹೊಡೆದರು. ಇಡೀ ದೇಶ ನೋಡಿದ ಆ ಪ್ರಕರಣದಲ್ಲಿ 2018ರ ಮಾರ್ಚ್‌ನಲ್ಲಿ ಆರೋಪಿಗಳು ಖುಲಾಸೆಯಾದರು.

ಇನ್ನೂ ಒಂದು ಗಂಭೀರ ಆಕ್ಷೇಪ ಇದೆ. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಕುಡಿತ ಅಂದರೆ ಅವರ ಪಾಲಿಗೆ ಗಂಡ ಮನೆಗೆ ಕೂಲಿ ತರದ ಸಂಜೆ. ಅವರೆದುರು ನಿಂತು ಬಿಯರ್ ತೋಟದ ಬಗ್ಗೆ ಕಣ್ಣೀರಿಟ್ಟರೆ ಅಸಹ್ಯವಾಗುತ್ತೆ.

ಈ ಮೂರೂ ಆಕ್ಷೇಪಗಳನ್ನು ಒಪ್ಪಿಕೊಂಡೇ ಒಂದು ಮಾತು. ವಿಕ್ಟೋರಿಯಾದಂಥ ಜಾಗ ಹೋದದ್ದರಿಂದ ಈ ಯಾವ ಅನ್ಯಾಯವೂ ಸರಿಯಾಗಲಿಲ್ಲ. ದಂಡಿನ ಬಂಗಲೆ ಬಿದ್ದ ಜಾಗಕ್ಕೆ ಕನ್ನಡದ ಕಾಫಿ ಹೋಟೆಲ್ ಬರಲಿಲ್ಲ, ಮಾಲ್ ಬಂತು. ಹಳ್ಳಿ ಹೆಣ್ಣುಮಕ್ಕಳ ಕೂಗಿಗೆ ಸರ್ಕಾರ ಕೊಟ್ಟ ಉತ್ತರ ಏನು? 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಸರ್ಕಾರ ಲೆಕ್ಕ ಹಾಕುವುದು ಬಾಕ್ಸುಗಳನ್ನು. ಆ ಬಾಕ್ಸು ಹಳ್ಳಿಯ ಮೂಲೆ ಅಂಗಡಿಯಲ್ಲಿ ಖಾಲಿಯಾಯಿತೋ, ನಾಲ್ಕು ಜನ ಕೂತು ವಾದ ಮಾಡುವ ಮೇಜಿನ ಮೇಲೋ, ಅದು ಅವರ ರಿಜಿಸ್ಟರಿನಲ್ಲಿ ಬರಲ್ಲ. ನಡೆದು ಬಂದ ಆ ಹೆಣ್ಣುಮಕ್ಕಳೂ ಈ ನಗರದ ಕೂರುವ ಜಾಗಗಳೂ ಸೋತದ್ದು ಒಂದೇ ಲೆಕ್ಕದ ಪುಸ್ತಕದ ಎದುರು.

14 ಚದರ ಮೀಟರಿನ ಕಾನೂನು

ಹಾಗಾದರೆ ಈ ಜಾಗಗಳು ಯಾಕೆ ಹೋದವು? "ಕಾಲ ಬದಲಾಯಿತು" ಅನ್ನೋದು ಸುಲಭದ ಉತ್ತರ. ಕಟ್ಟಡ ಬಿದ್ದಾಗ ಎಂಜಿನಿಯರ್ ಮೊದಲು ಕೇಳೋದು, ಭಾರ ಯಾವ ಕಂಬದ ಮೇಲಿತ್ತು, ಆ ಕಂಬ ತೆಗೆದವರು ಯಾರು ಅಂತ. ಇಲ್ಲೂ ಹಾಗೆ ಕೇಳಿದರೆ ಒಂದು ಕಂಬ ಸಿಗುತ್ತೆ: ಬಾಡಿಗೆ ಕಾನೂನು.

1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಅಂಗಡಿ, ಹೋಟೆಲುಗಳ ಬಾಡಿಗೆದಾರರಿಗೂ ರಕ್ಷಣೆ ಇತ್ತು. ಮಾಲೀಕರು ಕಾನೂನು ಹೇಳಿದ ಕಾರಣಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡದೆ ಎಬ್ಬಿಸುವ ಹಾಗಿರಲಿಲ್ಲ. ಆ ಕಾಯ್ದೆಯಿಂದ ತೊಂದರೆಯೂ ಆಗಿತ್ತು. ಮೂರು ಕಾಸಿನ ಬಾಡಿಗೆಗೆ ದಶಕಗಟ್ಟಲೆ ಕೂತವರ ಕಾರಣಕ್ಕೆ ಮಾಲೀಕರು ಕಟ್ಟಡಕ್ಕೆ ಸುಣ್ಣ ಹೊಡೆಸೋದನ್ನೂ ಬಿಟ್ಟಿದ್ದರು. ಹಾಗಾಗಿ ಹೊಸ ಕಾಯ್ದೆ ಬಂತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ, 2001ರ ಡಿಸೆಂಬರ್ 31ರಿಂದ ಜಾರಿ. ಇದರಲ್ಲಿ ವಾಣಿಜ್ಯ ಬಳಕೆಯ ಜಾಗಗಳಿಗೆ ರಕ್ಷಣೆ ಉಳಿದದ್ದು 14 ಚದರ ಮೀಟರ್ ಒಳಗಿನವಕ್ಕೆ ಮಾತ್ರ. ಅಂದರೆ ಸುಮಾರು 150 ಚದರ ಅಡಿ. ಒಂದು ಬೀಡಾ ಅಂಗಡಿ, ಒಂದು ಟೈಲರ್ ಅಂಗಡಿ ಇದರಲ್ಲಿ ಹಿಡಿಯುತ್ತೆ. ನಾಲ್ಕು ಮೇಜು ಹಾಕಿದ ಕಾಫಿ ಹೋಟೆಲ್ ಹಿಡಿಯಲ್ಲ. ಬಾರ್ ಹಿಡಿಯಲ್ಲ. ಪುಸ್ತಕದ ಅಂಗಡಿ ಕಷ್ಟ.

ಹೊಸ ಕಾಯ್ದೆ ಜಾರಿಯಾದ ಮುಂದಿನ ಹತ್ತು ವರ್ಷಗಳೇ ದಂಡಿನ ಬೀದಿಗಳು ಮುಖ ಬದಲಿಸಿಕೊಂಡ ವರ್ಷಗಳು. ಒಂದೊಂದು ಜಾಗ ಹೋದದ್ದಕ್ಕೂ ಅದರದ್ದೇ ಕಾರಣ ಇರಬಹುದು: ಮನೆತನದ ಪಾಲು, ಮಾಲೀಕರ ವಯಸ್ಸು, ಕೋರ್ಟ್ ಕೇಸು, ಒಳ್ಳೇ ಬೆಲೆ. ಆದರೆ ಬಾಡಿಗೆಗೆ ಕೂತ ಹಳೇ ಜಾಗಕ್ಕೆ ಕಾನೂನಿನ ಊರುಗೋಲು ಇರಲಿಲ್ಲ ಅನ್ನೋದು ಎಲ್ಲದರ ಕೆಳಗಿದ್ದ ಸಮಾನ ಸತ್ಯ. ಮಾಲೀಕರೇ ನಡೆಸುತ್ತಿದ್ದ ಜಾಗಗಳಿಗಂತೂ ಆಮಿಷ ಇನ್ನೂ ದೊಡ್ಡದು. ನಗರದ ಮಧ್ಯೆ ಒಂದಂತಸ್ತಿನ ಬಂಗಲೆ, ಸುತ್ತ ಖಾಲಿ ತೋಟ ಅಂದರೆ ರಿಯಲ್ ಎಸ್ಟೇಟ್ ಭಾಷೆಯಲ್ಲಿ ಬಳಕೆಯಾಗದ ಎಫ್‌ಎಆರ್. ತೋಟದ ನೆರಳಿಗೆ ಗೈಡೆನ್ಸ್ ವ್ಯಾಲ್ಯೂ ಇಲ್ಲ.

ಪಾರಂಪರಿಕ ಕಟ್ಟಡ ಅನ್ನೋ ರಕ್ಷಣೆ ಇಲ್ಲವಾ? ಪದ ಇದೆ. ರಾಜ್ಯದ ನಗರ ಯೋಜನಾ ಕಾಯ್ದೆಯಲ್ಲೇ ಪಾರಂಪರಿಕ ಕಟ್ಟಡದ ವ್ಯಾಖ್ಯೆ ಇದೆ. ಅದರಲ್ಲಿ ವಾಸ್ತುಶಿಲ್ಪದ ಜೊತೆ ಸಾಂಸ್ಕೃತಿಕ ಮೌಲ್ಯ ಅನ್ನೋ ಮಾತೂ ಇದೆ. ಆದರೆ ಯೋಜನಾ ಪ್ರಾಧಿಕಾರ ಹಾಗಂತ ಘೋಷಿಸಬೇಕು. ಘೋಷಿಸದ ತನಕ ಅದು ಬರೀ ಹಳೇ ಕಟ್ಟಡ. ಸರ್ಕಾರಿ ಕಟ್ಟಡಗಳಿಗೇ ಗತಿ ಇಲ್ಲ: ಲಾಲ್‌ಬಾಗಿನೊಳಗಿನ ಕೃಂಬಿಗಲ್ ಹಾಲ್ ಶಿಥಿಲವಾಗಿ ಬಿದ್ದುಕೊಂಡಿತ್ತು, 2017ರಲ್ಲಿ ಅದನ್ನು ಕೆಡವಿದರು. ಇನ್ನು ಖಾಸಗಿ ಬಿಯರ್ ತೋಟವನ್ನು ಕೇಳೋರು ಯಾರು? ಒಂದು ವೇಳೆ ಕಟ್ಟಡ ಉಳಿದರೂ ಅದರೊಳಗೆ ನಡೆಯುತ್ತಿದ್ದ ಬದುಕಿಗೆ ರಕ್ಷಣೆ ಇಲ್ಲ. ಗೋಡೆ ಹಾಗೇ ಇಟ್ಟು ಒಳಗೆ ವಾಚಿನ ಶೋರೂಮ್ ಮಾಡಿದರೆ ಕಾನೂನಿನ ಕಣ್ಣಲ್ಲಿ ಪರಂಪರೆ ಉಳಿಯಿತು.

ಸಾಯದೇ ಇರುವುದು ಒಂದೇ

ಪಬ್ಬು, ಬಾರುಗಳ ವಿಷಯದಲ್ಲಿ ವಿಚಿತ್ರ ಏನೆಂದರೆ, ಕಟ್ಟಡ ಹೋದರೂ, ಹೆಸರು ಹೋದರೂ, ಗಿರಾಕಿಗಳು ಚದುರಿದರೂ ಒಂದು ವಸ್ತು ಮಾತ್ರ ಉಳಿಯಬಲ್ಲದು. ಅದು ಲೈಸೆನ್ಸ್.

ಕರ್ನಾಟಕದಲ್ಲಿ ಮದ್ಯದಂಗಡಿಗಳ ಸಿಎಲ್-2 ಮತ್ತು ಬಾರ್ ಅಂಡ್ ರೆಸ್ಟೋರೆಂಟ್‌ಗಳ ಸಿಎಲ್-9 ಲೈಸೆನ್ಸ್‌ಗಳನ್ನು 1992ರಿಂದ ಹೊಸದಾಗಿ ಕೊಡೋದು ನಿಲ್ಲಿಸಲಾಗಿತ್ತು. ಉದ್ದೇಶ ಕುಡಿತ ಹೆಚ್ಚಬಾರದು ಅಂತ. ಆದದ್ದೇನು? ಹೋಟೆಲ್ ಮತ್ತು ವಸತಿಗೃಹಗಳಿಗೆ ಕೊಡುವ ಸಿಎಲ್-7ರಂಥ ಬೇರೆ ದಾರಿಗಳು ತೆರೆದೇ ಇದ್ದವು, ಕುಡಿತ ಏರಿತು. ಇತ್ತ ಹಳೇ ಲೈಸೆನ್ಸ್‌ಗಳು ಅಪರೂಪದ ಆಸ್ತಿಯಾದವು. 1968ರ ಅಬಕಾರಿ ನಿಯಮಗಳ ಪ್ರಕಾರ ಶುಲ್ಕ ಕಟ್ಟಿ, ಅನುಮತಿ ಪಡೆದು ಲೈಸೆನ್ಸನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಬಹುದು, ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸಬಹುದು. ಮಾರುಕಟ್ಟೆಯಲ್ಲಿ ಇವುಗಳ ಬೆಲೆ ಕೋಟಿಗಳ ಲೆಕ್ಕದಲ್ಲಿ.

ಇದರ ಪರಿಣಾಮ ಯೋಚಿಸಿ. ಐವತ್ತು ವರ್ಷ ಒಂದೇ ಮೂಲೆಯಲ್ಲಿ ಕೂತ ಬಾರಿನ ಮಾಲೀಕನ ಹತ್ತಿರ ಬೆಲೆಬಾಳುವ ವಸ್ತು ಎರಡು: ಒಂದು ನೆಲ, ಇನ್ನೊಂದು ಲೈಸೆನ್ಸ್. ಎರಡನ್ನೂ ಬಿಡಿಸಿ ಮಾರಬಹುದು. ನೆಲ ಬಿಲ್ಡರಿಗೆ, ಲೈಸೆನ್ಸ್ ಹೊರವಲಯದ ಹೊಸ ಬಡಾವಣೆಗೆ. ನಡುವೆ ಇದ್ದ ಮೂರನೆಯದ್ದು, ಅಂದರೆ ಆ ಮೂಲೆ, ಆ ಮೇಜು, ಸಪ್ಲೈಯರಿಗೆ ಗಿರಾಕಿಯ ಹೆಸರು ಗೊತ್ತಿದ್ದದ್ದು, ಯಾರ ಖಾತೆಯಲ್ಲೂ ಇಲ್ಲ. ಮೂವತ್ತು ವರ್ಷ ಅಲ್ಲೇ ದುಡಿದ ಸಪ್ಲೈಯರಿಗೆ ಈ ಮಾರಾಟದಲ್ಲಿ ಪಾಲೂ ಇಲ್ಲ. ಈಗ ಹರಾಜಿನಲ್ಲೂ ಗೆಲ್ಲೋದು ಹೆಚ್ಚು ದುಡ್ಡು ಕೂಗಿದವರು. ಅಷ್ಟು ಕೊಟ್ಟು ತಗೊಂಡವರು ನಿಮಗೆ ಒಂದು ಮಗ್ ಮುಂದಿಟ್ಟು ಮೂರು ಗಂಟೆ ಕೂರೋಕೆ ಬಿಡ್ತಾರಾ?

ಸರ್ಕಾರದ ಕಣ್ಣಿಗೆ ಪಬ್ ಅಂದರೆ ಬರೀ ಲೈಸೆನ್ಸ್ ಅನ್ನೋದಕ್ಕೆ 2017ರ ಪ್ರಸಂಗ ಒಳ್ಳೇ ಉದಾಹರಣೆ. ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಕುಡಿದು ಲಾರಿ ಓಡಿಸೋದನ್ನು ತಡೆಯೋಕೆ ಬಂದ ಆದೇಶ ಅದು. ಕಾಗದದ ಮೇಲೆ ಎಂ.ಜಿ. ರಸ್ತೆಯ ಭಾಗವೂ ಹೆದ್ದಾರಿಯೇ. ಹಾಗಾಗಿ 2017ರ ಜುಲೈ 1ರಿಂದ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟಿನ ಪಬ್‌ಗಳ ಬಾಗಿಲು ಬಿತ್ತು. ನಡೆದುಕೊಂಡು ಬರುವ ಗಿರಾಕಿಗಳ ಬೀದಿಗೆ ಲಾರಿ ರಸ್ತೆಯ ನಿಯಮ. ಆದೇಶ ನಗರಾಡಳಿತ ವ್ಯಾಪ್ತಿಯೊಳಗಿನ ಲೈಸೆನ್ಸ್‌ಗಳಿಗೆ ಅಡ್ಡಿಯಲ್ಲ ಅಂತ ಅದೇ ಜುಲೈನಲ್ಲಿ ಕೋರ್ಟ್ ಸ್ಪಷ್ಟನೆ ಕೊಟ್ಟ ಮೇಲೆ ಅವು ಮತ್ತೆ ತೆರೆಯೋಕೆ ದಾರಿಯಾಯಿತು. ಆ ವಾರಗಳಲ್ಲಿ ಸರ್ಕಾರದ ಚಿಂತೆ ಆದಾಯ ಎಷ್ಟು ಖೋತಾ ಅನ್ನೋದು. ಅಡುಗೆಯವರು, ಸಪ್ಲೈಯರುಗಳು ಆ ತಿಂಗಳು ಸಂಬಳ ಇಲ್ಲದೆ ಹೇಗಿದ್ದರು ಅನ್ನೋದು ಪ್ರಶ್ನೆಯೇ ಆಗಲಿಲ್ಲ.

ಇಟ್ಟಿಗೆ ಇಟ್ಟಿಗೆಯಾಗಿ ವಾಪಸ್ ಕಟ್ಟಿಸಿದರು

ಹೀಗೇ ಆಗಬೇಕಿತ್ತು, ಬೇರೆ ದಾರಿ ಇರಲಿಲ್ಲ ಅನ್ನೋರಿಗೆ ಲಂಡನ್ನಿನ ಒಂದು ಕತೆ. ಅಲ್ಲಿ ಕಾರ್ಲ್‌ಟನ್ ಟ್ಯಾವರ್ನ್ ಅನ್ನೋ ಪಬ್ ಇತ್ತು. 1920ರ ದಶಕದ ಆರಂಭದಲ್ಲಿ ಕಟ್ಟಿದ್ದು. ಮಾಲೀಕ ಕಂಪನಿಗೆ ಅದನ್ನು ಕೆಡವಿ ಫ್ಲ್ಯಾಟ್ ಕಟ್ಟುವ ಆಸೆ. ವೆಸ್ಟ್‌ಮಿನ್‌ಸ್ಟರ್ ನಗರಸಭೆ ಅನುಮತಿ ಕೊಡಲಿಲ್ಲ. ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಪ್ರಯತ್ನ ನಡೆಯುತ್ತಿದ್ದಾಗಲೇ, 2015ರ ಏಪ್ರಿಲ್‌ನಲ್ಲಿ, ಈಸ್ಟರ್ ರಜೆ ಮುಗಿಯುತ್ತಿದ್ದಂತೆ ಬುಲ್‌ಡೋಜರ್ ಬಂತು, ಪಬ್ ಉರುಳಿತು.

ನಮ್ಮಲ್ಲಾಗಿದ್ದರೆ ಒಂದು ದಂಡದ ನೋಟಿಸ್, ಆಮೇಲೆ ಸಕ್ರಮ. ಅಲ್ಲಿ ಸುತ್ತಮುತ್ತಲ ನಿವಾಸಿಗಳು ಬಿಡಲಿಲ್ಲ. ನಗರಸಭೆ ಹೊರಡಿಸಿದ ಆದೇಶ ಇದು: ಹೇಗಿತ್ತೋ ಹಾಗೇ ವಾಪಸ್ ಕಟ್ಟಿ. ಕಂಪನಿ ಮೇಲ್ಮನವಿ ಹಾಕಿ ಸೋತಿತು. ಪಾರಂಪರಿಕ ಸಂಸ್ಥೆಯವರು ಮುಂಚೆಯೇ ಕಟ್ಟಡದ ವಿವರಗಳನ್ನು ದಾಖಲಿಸಿಟ್ಟಿದ್ದು ಕೆಲಸಕ್ಕೆ ಬಂತು. ಅವಶೇಷದಿಂದ ಆಯ್ದ ಇಟ್ಟಿಗೆಗಳನ್ನೂ ಬಳಸಿ ಪಬ್ ಮತ್ತೆ ಎದ್ದಿತು. 2021ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು.

ಇಂಗ್ಲೆಂಡ್ ಸ್ವರ್ಗ ಅಂತ ಅಲ್ಲ. ಅಲ್ಲೂ ಸಾವಿರಾರು ಪಬ್‌ಗಳು ಮುಚ್ಚಿವೆ, ಮುಚ್ಚುತ್ತಲೇ ಇವೆ. ಆದರೆ ಅಲ್ಲಿನ ಕಾನೂನಿಗೆ ಪಬ್ ಅನ್ನೋದು ಕಟ್ಟಡಕ್ಕಿಂತ ಬೇರೆಯಾದ ಒಂದು ಬಳಕೆ ಅನ್ನೋದು ಗೊತ್ತು. 2017ರ ಮೇ ತಿಂಗಳಿಂದ ಅಲ್ಲಿ ಪಬ್ ಕೆಡವೋಕೆ ಅಥವಾ ಅದನ್ನು ಅಂಗಡಿ, ಆಫೀಸ್ ಮಾಡೋಕೆ ಯೋಜನಾ ಅನುಮತಿ ಕಡ್ಡಾಯ. 2011ರ ಕಾಯ್ದೆಯೊಂದರಡಿ ಜನರೇ ಅರ್ಜಿ ಹಾಕಿ ಒಂದು ಪಬ್ಬನ್ನೋ ಅಂಗಡಿಯನ್ನೋ ಸಮುದಾಯದ ಆಸ್ತಿ ಅಂತ ಪಟ್ಟಿ ಮಾಡಿಸಬಹುದು. ಮಾಲೀಕರು ಮಾರೋಕೆ ಹೊರಟರೆ ಜನರಿಗೆ ದುಡ್ಡು ಹೊಂದಿಸಿ ಕೊಳ್ಳೋಕೆ ಆರು ತಿಂಗಳ ಕಾಲಾವಕಾಶ ಸಿಗುತ್ತೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರ 1998ರಲ್ಲೇ ತನ್ನ ಹಳೇ ಕೆಫೆ, ಬಾರ್‌ಗಳನ್ನು ಗುರುತಿಸಿ ರಕ್ಷಿಸೋಕೆ ಕಾನೂನು ಮಾಡಿತು. ಈ ನಗರಗಳು ಕೇಳುವ ಪ್ರಶ್ನೆ, "ಇದು ಎಷ್ಟು ಹಳೇದು" ಅನ್ನೋದರ ಜೊತೆಗೆ, "ಇಲ್ಲಿ ಜನ ಏನು ಮಾಡ್ತಾರೆ" ಅನ್ನೋದು.

ಕೂರುವ ಜಾಗದ ರಾಜಕಾರಣ

ಯಾವುದೋ ಬಾರಿನ ಬಗ್ಗೆ ಇಷ್ಟೆಲ್ಲ ಯಾಕೆ ಅಂದರೆ, ನಗರದಲ್ಲಿ ಅಪರಿಚಿತರು ಸೇರುವ ಜಾಗಗಳು ಎರಡೂ ಕಡೆಯಿಂದ ಕುಗ್ಗುತ್ತಿವೆ. ಒಂದು ಕಡೆ ಮಾರುಕಟ್ಟೆ, ಇನ್ನೊಂದು ಕಡೆ ಪೊಲೀಸ್ ಆದೇಶ. 2019ರ ಡಿಸೆಂಬರ್ 19ರಂದು ಟೌನ್ ಹಾಲ್ ಎದುರು ಸಿಎಎ ವಿರೋಧಿಸಿ ನಿಂತಿದ್ದ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದು ನೆನಪಿದೆಯಲ್ಲ. 2021ರಲ್ಲಿ ಬಂದ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ. ಮೌರ್ಯ ಸರ್ಕಲ್ಲಿನ ಗಾಂಧಿ ಪ್ರತಿಮೆ, ಟೌನ್ ಹಾಲ್ ಮೆಟ್ಟಿಲು ಯಾವುದೂ ಈಗ ಆ ಕೆಲಸಕ್ಕಿಲ್ಲ. ಪಾರ್ಕುಗಳಿಗೆ ಸಮಯದ ಬೋರ್ಡು. ಮಾಲ್‌ಗಳಿಗೆ ಸೆಕ್ಯುರಿಟಿ. ಹೋರಾಟಕ್ಕೂ ಮುಂಚೆ ಜನ ಎಲ್ಲೋ ಕೂತು ಮಾತಾಡಬೇಕು. ಯಾವ ಊರಿನ ಯಾವ ಚಳವಳಿಯ ಹಿನ್ನೆಲೆ ತೆಗೆದರೂ ಒಂದು ಕಾಫಿ ಹೋಟೆಲ್, ಒಂದು ಪುಸ್ತಕದಂಗಡಿ, ಒಂದು ಪ್ರೆಸ್, ಒಂದು ಬಾರಿನ ಮೂಲೆ ಮೇಜು ಸಿಗುತ್ತೆ.

ಹಾಗಾದರೆ ಕೇಳಬೇಕಾದ್ದೇನು? ನನಗೆ ನಾಲ್ಕು ಕಾಣುತ್ತವೆ.

ಮೊದಲನೆಯದು ಪಟ್ಟಿ. ಹೊಸ ಕೇಂದ್ರ ಪಾಲಿಕೆ, ಜನರಿಂದ ಅರ್ಜಿ ತಗೊಂಡು, ಉಳಿಯಬೇಕಾದ ಜಾಗಗಳ ಪಟ್ಟಿ ಮಾಡಲಿ. ಅದರಲ್ಲಿ ಚರ್ಚ್ ಸ್ಟ್ರೀಟಿನ ಕಾಫಿ ಹೌಸ್ ಇರಲಿ, ಜೊತೆಗೆ ಶಿವಾಜಿನಗರದ ಇರಾನಿ ಚಹಾದ ಅಂಗಡಿ, ಚಿಕ್ಕಪೇಟೆಯ ದರ್ಶಿನಿ, ಹಲಸೂರಿನ ಮಿಲಿಟರಿ ಹೋಟೆಲ್ ಕೂಡ ಇರಲಿ. ಪಟ್ಟಿ ಇಂಗ್ಲಿಷ್ ಬಲ್ಲವರ ಸೊತ್ತಾಗದಿರಲು ಇದೊಂದೇ ದಾರಿ.

ಎರಡನೆಯದು ತಡೆ. ಪಟ್ಟಿಯಲ್ಲಿರುವ ಜಾಗ ಕೆಡವುವ ಅಥವಾ ಬಳಕೆ ಬದಲಿಸುವ ಅರ್ಜಿ ಬಂದರೆ ಸಾರ್ವಜನಿಕ ನೋಟಿಸ್, ಆರು ತಿಂಗಳ ಕಾಯುವಿಕೆ. ಮಾಲೀಕರ ಹಕ್ಕು ಕಿತ್ತುಕೊಳ್ಳೋದು ಬೇಡ. ನಷ್ಟಕ್ಕೆ ಪ್ರತಿಯಾಗಿ ತೆರಿಗೆ ವಿನಾಯಿತಿ ಅಥವಾ ಅಭಿವೃದ್ಧಿ ಹಕ್ಕಿನ ವರ್ಗಾವಣೆ ಕೊಡಲಿ. ರಸ್ತೆ ಅಗಲೀಕರಣಕ್ಕೆ ಟಿಡಿಆರ್ ಕೊಡಬಹುದಾದರೆ ನೆರಳಿನ ತೋಟಕ್ಕೂ ಕೊಡಬಹುದು.

ಮೂರನೆಯದು ಬಾಡಿಗೆ. 14 ಚದರ ಮೀಟರಿನ ಗೆರೆಯನ್ನು ಮತ್ತೆ ನೋಡಿ. ಇಪ್ಪತ್ತು, ಮೂವತ್ತು ವರ್ಷ ಒಂದೇ ಜಾಗದಲ್ಲಿರುವ ಸಣ್ಣ ಉದ್ಯಮಗಳಿಗೆ, ಅದರಲ್ಲೂ ಕಾರ್ಮಿಕರ ಸಹಕಾರ ಸಂಘಗಳಿಗೆ, ಮಾರುಕಟ್ಟೆಗೆ ಹತ್ತಿರದ ಬಾಡಿಗೆಯ ಜೊತೆ ಕನಿಷ್ಠ ಅವಧಿಯ ಭದ್ರತೆ ಕೊಡುವುದು 1961ಕ್ಕೆ ವಾಪಸ್ ಹೋದಂತಲ್ಲ.

ನಾಲ್ಕನೆಯದು ಲೈಸೆನ್ಸ್. ಹರಾಜಿನ ದುಡ್ಡು ಎಣಿಸುವ ಮುಂಚೆ, ಹಳೇ ಜಾಗದಿಂದ ಲೈಸೆನ್ಸ್ ಬೇರೆಡೆಗೆ ಸಾಗಿಸುವಾಗ ಅಲ್ಲಿನ ನೌಕರರಿಗೆ ಪರಿಹಾರ ಕಡ್ಡಾಯ ಮಾಡಿ. ಹೊಸ ಅಂಗಡಿ ಎಲ್ಲಿ ಬರಬೇಕು, ಬರಬಾರದು ಅನ್ನೋದರಲ್ಲಿ ಆಯಾ ವಾರ್ಡು, ಗ್ರಾಮಸಭೆಗಳ ಮಾತು ನಡೆಯಲಿ. ಚಿತ್ರದುರ್ಗದಿಂದ ನಡೆದು ಬಂದ ಹೆಣ್ಣುಮಕ್ಕಳ ದನಿಗೂ ಜಾಗ ಸಿಗೋದು ಇಲ್ಲೇ.

ಇದನ್ನೆಲ್ಲ ಯಾರ ಹತ್ತಿರ ಕೇಳೋದು? ಹಿಂದಿನ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಈ ಊರಿನ ಬೀದಿಗಳಿಗೆ ಚುನಾಯಿತ ಕಾರ್ಪೊರೇಟರ್ ಇಲ್ಲದೆ, ಅಧಿಕಾರಿಗಳೇ ಎಲ್ಲ ನಡೆಸಿದರು. ವೋಟು ಕೇಳೋಕೆ ಬಂದವರು ಕಸ, ಗುಂಡಿ, ನೀರಿನ ಬಗ್ಗೆ ಮಾತಾಡ್ತಾರೆ, ಆಡಲೇಬೇಕು. ಅವರನ್ನು ಇದನ್ನೂ ಕೇಳಿ: ನಮ್ಮ ವಾರ್ಡಿನಲ್ಲಿ ನೂರು ರೂಪಾಯಿ ಇಟ್ಟುಕೊಂಡು ಎರಡು ಗಂಟೆ ಯಾರೂ ಎಬ್ಬಿಸದೆ ಕೂರುವ ಜಾಗ ಎಷ್ಟಿವೆ, ನಿಮ್ಮ ಅವಧಿ ಮುಗಿಯುವಾಗ ಎಷ್ಟಿರುತ್ತವೆ?

ವಿಕ್ಟೋರಿಯಾ ಜಾಗದಲ್ಲಿ ಮಾಲ್ ತೆರೆದ ರಿಟೇಲ್ ಸಮೂಹ ಆಗ ದೇಶದ ಹೊಸ ಆರ್ಥಿಕತೆಯ ಮುಖ ಅನ್ನಿಸಿಕೊಂಡಿತ್ತು. ಹೆಸರೇ ಫ್ಯೂಚರ್ ಗ್ರೂಪ್ ಅಂತಾಯಿತು. ಅದರ ಮುಖ್ಯ ರಿಟೇಲ್ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಇಪ್ಪತ್ತು ವರ್ಷವೂ ತುಂಬದ ಒಂದು ಭವಿಷ್ಯಕ್ಕಾಗಿ ಮರಗಳು ಬಿದ್ದಿದ್ದವು. ಮುಂದಿನ ಸಲ ಯಾರಾದರೂ ಇಂಥದ್ದೇ ಒಂದು ನೀಲನಕ್ಷೆ ಹಿಡಿದು ಬಂದಾಗ ಅದನ್ನು ಮೇಜಿನ ಮೇಲಿಟ್ಟು ಪ್ರಶ್ನೆ ಕೇಳೋಕೆ ಒಂದು ಕಾನೂನು, ಒಬ್ಬ ಕಾರ್ಪೊರೇಟರ್, ಆರು ತಿಂಗಳ ಸಮಯ ಬೇಕು. ಸದ್ಯಕ್ಕೆ ಈ ಮೂರರಲ್ಲಿ ನಾವು ವೋಟು ಹಾಕಿ ಪಡೆಯಬಹುದಾದದ್ದು ಒಂದು. ಅಲ್ಲಿಂದ ಶುರು ಮಾಡೋಣ.